ನಲವತ್ತೊಂದನೆಯ ಪುಟ

ಸೊಲ್ಲಾಪುರ ಜಿಲ್ಲೆಯ ಬೋರಿಹಾಳದ ಕನ್ನಡ ಶಾಲೆಯ ದಾಖಲಾತಿ ರಜಿಸ್ಟರಿನ ನಲವತ್ತೊಂದನೆಯ ಪುಟದಲ್ಲಿ ಇಪ್ಪತ್ತಮೂರು ಹೆಸರುಗಳಿವೆ. ಇಪ್ಪತ್ತಮೂವರೂ ಊರ ಹೊರಗಿನ ಕೇರಿಯ ಮಕ್ಕಳು. 1982ರ ಜೂನ್ ಹದಿನಾಲ್ಕರಂದು ಒಂದೇ ದಿನ ಶಾಲೆಗೆ ಸೇರಿದವರು. ಹುಟ್ಟಿದ ತಾರೀಖಿನ ಕಾಲಮಿನಲ್ಲಿ ಬಹುತೇಕ ಎಲ್ಲರಿಗೂ ಜೂನ್ ಒಂದು ಎಂದಿದೆ. ತಾರೀಖು ಗೊತ್ತಿಲ್ಲದ ಮಕ್ಕಳಿಗೆ ಹಾಗೆ ಬರೆಯುವುದು ಆಗಿನ ರೂಢಿ. ರೂಢಿಯಲ್ಲದ್ದು ಅದರ ಪಕ್ಕದ ಕಾಲಮು. ಮೇಲೆ 'ಜಾತಿ' ಎಂದು ಅಚ್ಚಾಗಿದೆ. ಕೆಳಗೆ ಇಪ್ಪತ್ತಮೂರು ಸಲ, ಒಂದೇ ದುಂಡನೆಯ ಅಕ್ಷರದಲ್ಲಿ, 'ವಿದ್ಯಾರ್ಥಿ' ಎಂದು ಬರೆದಿದೆ.

ಬರೆದವರು ಮುಖ್ಯಾಧ್ಯಾಪಕ ಗುರುಸಿದ್ಧ ಮಾಸ್ತರರು. ಹೋದ ವರ್ಷ ಸೆಪ್ಟೆಂಬರ್ ಇಪ್ಪತ್ತೊಂದರಂದು, ಎಂಬತ್ತನಾಲ್ಕನೆಯ ವಯಸ್ಸಿನಲ್ಲಿ, ಸೊಲ್ಲಾಪುರದ ತಮ್ಮ ಮನೆಯಲ್ಲಿ ತೀರಿಕೊಂಡರು.

ಈ ವರ್ಷ ಸೆಪ್ಟೆಂಬರ್ ಒಂಬತ್ತು, ಮಂಗಳವಾರ. ಆ ಇಪ್ಪತ್ತಮೂವರಲ್ಲಿ ಒಬ್ಬನಾದ ಅಮೃತಪ್ಪ ಸೊಲ್ಲಾಪುರದ ಕಾರ್ಖಾನೆಗೆ ರಜೆ ಹಾಕಿ ಅಕ್ಕಲಕೋಟೆಗೆ ಬಸ್ಸಿನಲ್ಲಿ ಬಂದು, ಅಲ್ಲಿಂದ ಹನ್ನೂರ ದಾರಿಯ ಟಮಟಮ್ ಆಟೊ ಹಿಡಿದು ಬೋರಿಹಾಳದಲ್ಲಿ ಇಳಿದಾಗ ಹನ್ನೊಂದು ದಾಟಿತ್ತು. ಶಾಲೆಯ ಕಚೇರಿಯಲ್ಲಿ ಒಬ್ಬ ಫೋಟೊಗ್ರಾಫರ್ ಕುರ್ಚಿಯ ಮೇಲೆ ಹತ್ತಿ ನಿಂತು, ಮೇಜಿನ ಮೇಲೆ ಬಿಡಿಸಿಟ್ಟ ರಜಿಸ್ಟರಿನತ್ತ ಕ್ಯಾಮೆರಾ ಬಗ್ಗಿಸಿದ್ದ. ಪುಟ ಮಗುಚದಂತೆ ಅಂಚಿಗೆ ಸ್ಕೇಲು ಒತ್ತಿ ಹಿಡಿದಿದ್ದವರು ಮಂಜರಿ. ಹತ್ತೊಂಬತ್ತು ವರ್ಷದಿಂದ ಈ ಶಾಲೆಯ ಗುಮಾಸ್ತೆ.

"ಬರ್ರಿ ಅಮೃತಪ್ಪನವರ, ಕೂಡ್ರಿ. ಇವರದೊಂದ ಮುಗೀಲಿ."

"ಏನ ಮಾಡಾಕತ್ತಾರ್ರಿ ಮ್ಯಾಡಮ್?"

"ನಿಮ್ಮ ಪುಟದ್ದ ಫೋಟೊ. ಆರ ಫೂಟ ಉದ್ದ ಮಾಡಸ್ತಾರಂತ. ಹೊಸಾ ಸಭಾಗೃಹದಾಗ ಬಾಗಲಾ ಎದುರಿಗೇ ಹಚ್ತಾರ. ಮಾಸ್ತರ ಪುಣ್ಯತಿಥಿ ದಿನಾ ಉದ್ಘಾಟನಾ."

"ಅದರಾಗ ನನ್ನ ಹೆಸರೂ ಬರ್ತೈತೇನ್ರಿ?"

"ಹದಿನೇಳನೇದು. ಬಸ್ ಸ್ಟ್ಯಾಂಡಿನ್ಯಾಗ ನಿಂತ ಓದಬಹುದು, ಅಷ್ಟ ದೊಡ್ಡದ ಬರ್ತದ," ಎಂದರು ಮಂಜರಿ. ಆಮೇಲೆ ಅವನ ಮುಖ ನೋಡಿ ನಗು ನಿಲ್ಲಿಸಿದರು. "ಏನಾತ್ರಿ?"

ಅಮೃತಪ್ಪ ಚೀಲದಿಂದ ಕಾಗದ ತೆಗೆದು ಕೊಟ್ಟ. ಸೊಲ್ಲಾಪುರದ ಜಾತಿ ಪ್ರಮಾಣಪತ್ರ ಪರಿಶೀಲನಾ ಸಮಿತಿಯಿಂದ ಬಂದ, ಮರಾಠಿಯಲ್ಲಿ ಟೈಪಾದ ಪತ್ರ. ಅರ್ಜಿದಾರಳ ಹೆಸರು ರೂಪಾಲಿ, ಅಮೃತಪ್ಪನ ಒಬ್ಬಳೇ ಮಗಳು. ಅವಳಿಗೆ ಆಗಸ್ಟಿನಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿನಲ್ಲಿ ಪರಿಶಿಷ್ಟ ಜಾತಿಯ ಸೀಟು ಸಿಕ್ಕಿತ್ತು. ಜಾತಿ ಪ್ರಮಾಣಪತ್ರ ಇತ್ತು. ಅದು ನಿಜವೆಂದು ಸಮಿತಿ ಕೊಡುವ ಸಿಂಧುತ್ವ ಪತ್ರ ಇರಲಿಲ್ಲ. ಅದನ್ನು ಸೆಪ್ಟೆಂಬರ್ ಮೂವತ್ತರೊಳಗೆ ತಂದುಕೊಡುತ್ತೇವೆ ಎಂದು ಬರೆದುಕೊಟ್ಟು ಪ್ರವೇಶ ಪಡೆದಿದ್ದರು. ತರದಿದ್ದರೆ ಸೀಟು ಹೋಗುತ್ತದೆ. ಪತ್ರದಲ್ಲಿ ಹೀಗಿತ್ತು: ಅರ್ಜಿದಾರಳ ತಂದೆಯ ಶಾಲಾ ದಾಖಲೆಯಲ್ಲಿ ಜಾತಿಯ ಉಲ್ಲೇಖವಿಲ್ಲ. ಜಾತಿ ಸ್ಪಷ್ಟವಾಗಿ ನಮೂದಾದ ಹಳೆಯ ದಾಖಲೆಯನ್ನು ಸೆಪ್ಟೆಂಬರ್ ಇಪ್ಪತ್ತಮೂರರ ವಿಚಾರಣೆಯಲ್ಲಿ ಹಾಜರುಪಡಿಸಬೇಕು.

"ನಮ್ಮಪ್ಪ ಸಾಲಿ ಮೆಟ್ಟಲಾ ಹತ್ತಿಲ್ರಿ. ನಮ್ಮ ಮನ್ಯಾಗ ಇರೂ ಎಲ್ಲಾಕಿಂತ ಹಳೇ ಕಾಗದ ಅಂದ್ರ ಇದರಾಗಿನ ಒಂದ ಸಾಲ," ಎಂದು ಅಮೃತಪ್ಪ ಮೇಜಿನ ಮೇಲಿನ ರಜಿಸ್ಟರು ತೋರಿಸಿದ.

ಕುರ್ಚಿಯ ಮೇಲಿಂದ ಫೋಟೊಗ್ರಾಫರ್ ಹೇಳಿದ: "ಮ್ಯಾಡಮ್, ಸ್ಕೇಲ್ ಸರಸಬ್ಯಾಡ್ರಿ. ನೆರಳ ಬೀಳಾಕತ್ತೈತಿ."

*

ಗುರುಸಿದ್ಧರು ಸೊಲ್ಲಾಪುರದ ಟವೆಲ್ ವ್ಯಾಪಾರಸ್ಥರ ಮನೆಯವರು. ಅಣ್ಣತಮ್ಮಂದಿರು ಅಂಗಡಿ ನೋಡಿಕೊಂಡರು. ಇವರು ಮಾಸ್ತರಿಕೆ ಹಿಡಿದು ಬೋರಿಹಾಳಕ್ಕೆ ಬಂದರು. ಆಗ ಶಾಲೆಯಲ್ಲಿ ಹಾಜರಿ ಕರೆಯುವಾಗ ಕೇರಿಯ ಹುಡುಗರ ಹೆಸರಿನ ಜೊತೆ ಕುಲವನ್ನೂ ಸೇರಿಸಿ ಕರೆಯುವ ಪದ್ಧತಿ ಇತ್ತು. ಹೀಗೆ ಕರೆಸಿಕೊಂಡ ಮಕ್ಕಳು ಎರಡನೇ ತಿಂಗಳಿಗೆ ಶಾಲೆ ಬಿಡುತ್ತಿದ್ದರು. ಮಾಸ್ತರರು ಕೇರಿಯ ಮನೆಮನೆಗೆ ಹೋಗಿ ಇಪ್ಪತ್ತಮೂರು ಮಕ್ಕಳನ್ನು ಕರೆತಂದರು, ಕಾಲಮಿನಲ್ಲಿ 'ವಿದ್ಯಾರ್ಥಿ' ಎಂದು ಬರೆದರು, ಎಲ್ಲರನ್ನೂ ಒಂದೇ ಉದ್ದ ಚಾಪೆಯ ಪಟ್ಟಿಯ ಮೇಲೆ ಕೂರಿಸಿದರು, ಒಂದೇ ಹಂಡೆಯ ನೀರು ಕುಡಿಸಿದರು. ಮರುವರ್ಷ ಅವರನ್ನು ಏಳು ತಿಂಗಳು ಅಮಾನತು ಮಾಡಲಾಯಿತು. ಚೌಕಶಿ, ಎಂದರೆ ಇಲಾಖೆಯ ವಿಚಾರಣೆ, ನಡೆದು ವಾಪಸು ಬಂದರು. ಪುಟ ಹಾಗೇ ಉಳಿಯಿತು.

ಇಷ್ಟು ಎಲ್ಲರೂ ಹೇಳುವ ಕಥೆ. ಹೇಳದಿರುವುದು ಮುಂದಿನದು.

2004ರಲ್ಲಿ ಆ ಇಪ್ಪತ್ತಮೂವರಲ್ಲಿ ಒಬ್ಬನಾದ ಅಂಬಾದಾಸನಿಗೆ ತಲಾಠಿ, ಎಂದರೆ ಗ್ರಾಮಲೆಕ್ಕಿಗನ, ನೌಕರಿಯ ಆದೇಶ ಬಂತು. ಜಾತಿ ಸಾಬೀತಾಗದೆ ಆದೇಶ ರದ್ದಾಯಿತು. ಅವನು ಮಾಸ್ತರರ ಮನೆಗೆ ಬಂದು, ಒಳಗೆ ಬಾರದೆ ಹೊಸ್ತಿಲ ಹೊರಗೇ ನಿಂತು, ಶಾಲೆ ಬಿಟ್ಟ ದಾಖಲೆಯನ್ನು ಅವರ ಕೈಗೆ ಕೊಟ್ಟು ಹೋದ. ಅಂದಿನಿಂದ ಮಾಸ್ತರರು, ಆ ಪುಟದ ಯಾರಿಗೆ ಸಮಿತಿಯ ಕರೆ ಬಂದರೂ ಜೊತೆಗೆ ಹೋಗತೊಡಗಿದರು. ಮನೆಯಿಂದ ಜೋಳದ ಭಕ್ರಿ ಕಟ್ಟಿಕೊಂಡು ಸಮಿತಿ ಕಚೇರಿಯ ಬೆಂಚಿನ ಮೇಲೆ ಕೂರುವುದು, ಕರೆದಾಗ ಒಳಗೆ ಹೋಗಿ ಪ್ರಮಾಣ ಮಾಡುವುದು: ಇದನ್ನು ಬರೆದವನು ನಾನು, ಈ ಹುಡುಗ ಇಂಥ ಜಾತಿಯವನು, ತಪ್ಪು ನನ್ನದು. ಹೀಗೆ ಹನ್ನೊಂದು ಜನರಿಗೆ ಕಾಗದ ಸಿಕ್ಕಿತು. ಆ ಹನ್ನೊಂದರಲ್ಲಿ ಅಮೃತಪ್ಪನ ತಂದೆಯ ಕಡೆಯ ರಕ್ತಸಂಬಂಧಿ ಯಾರೂ ಇರಲಿಲ್ಲ. ಹಾಗಾಗಿ ಅವರ ಕಾಗದ ಇವನಿಗೆ ಉಪಯೋಗವಿಲ್ಲ.

ಅಮೃತಪ್ಪನಿಗೆ ಅಲ್ಲಿಯತನಕ ಇಂಥ ಕಾಗದ ಬೇಕಾಗಿರಲಿಲ್ಲ. ಹತ್ತನೇ ಮುಗಿಸಿ ಸೊಲ್ಲಾಪುರದ ಟವೆಲ್ ಕಾರ್ಖಾನೆ ಸೇರಿದವನು ಈಗ ಅಲ್ಲೇ ಜಾಬರ್. ಇಪ್ಪತ್ತನಾಲ್ಕು ಮಗ್ಗ ಕೆಟ್ಟರೆ ಸರಿಮಾಡುವವನು. ಎರಡು ವರ್ಷದ ಹಿಂದೆ, ಹನ್ನೊಂದನೇ ಕ್ಲಾಸಿನಲ್ಲಿದ್ದ ಮಗಳ ವಿಷಯ ತೆಗೆದಾಗ ಮಾಸ್ತರರು, "ಆಕಿ ಬಾರಾವಿ ಆಗ್ಲಿ. ನಾ ಬರ್ತೀನಿ," ಎಂದಿದ್ದರು. ಎಂಬತ್ತು ದಾಟಿದ ಮುದುಕರನ್ನು ಅವಸರ ಮಾಡಿ ಬೆಂಚಿನ ಮೇಲೆ ಕೂರಿಸುವುದು ಅಮೃತಪ್ಪನಿಗೆ ಸರಿಯೆನಿಸಲಿಲ್ಲ. ಕಾದ. ಅವರು ಹೋದರು.

*

ಮಂಜರಿಗೆ ಒಂದು ಫೈಲು ನೆನಪಿತ್ತು. ಫೋಟೊಗ್ರಾಫರ್ ಹೋದ ಮೇಲೆ ಹಿಂದಿನ ಕೋಣೆಯ ಕಪಾಟಿನಿಂದ, ಶಾಲೆ ನಡೆಸುವ ಸಂಸ್ಥೆಯ ಹಳೆಯ ಠರಾವು ಪುಸ್ತಕಗಳ ಕೆಳಗಿಂದ, ಅದನ್ನು ಎಳೆದು ತಂದರು. ಮೇಲೆ 'ಚೌಕಶಿ, 1983' ಎಂದಿತ್ತು.

ಆರು ಪುಟಗಳ ತಕರಾರು ಅರ್ಜಿ, ಜಿಲ್ಲಾ ಪರಿಷತ್ತಿನ ಶಿಕ್ಷಣಾಧಿಕಾರಿಗೆ ಮರಾಠಿಯಲ್ಲಿ ಬರೆದದ್ದು. ಕಚೇರಿಗೆ ಮುಟ್ಟಿದ್ದರ ಆವಕ ಮುದ್ರೆ, ನಂಬರು, ತಾರೀಖು ಎಲ್ಲ ಸರಿಯಾಗಿದ್ದವು. ಮೊದಲ ನಾಲ್ಕು ಪುಟ ದೂರು: ಮುಖ್ಯಾಧ್ಯಾಪಕರು ರಜಿಸ್ಟರಿನಲ್ಲಿ ಸುಳ್ಳು ಬರೆದು ಮಕ್ಕಳ ಕುಲ ಮರೆಸುತ್ತಿದ್ದಾರೆ, ಯಾರು ಯಾವ ಜಾತಿಯವರೆಂದು ತಿಳಿಯದೆ ನಮ್ಮ ಮಕ್ಕಳು ಅವರ ಸಾಲಿನಲ್ಲಿ ಕೂತು ಅವರು ಮುಟ್ಟಿದ ನೀರು ಕುಡಿಯುವಂತಾಗಿದೆ, ಇಂಥವರನ್ನು ತಕ್ಷಣ ತೆಗೆಯಬೇಕು. ಕೊನೆಯ ಎರಡು ಪುಟ ಯಾದಿ: ಇಪ್ಪತ್ತಮೂರು ಹೆಸರು, ತಂದೆಯ ಹೆಸರು, ಮನೆಯ ಗುರುತು, ಪ್ರತಿಯೊಬ್ಬರ ಜಾತಿ. ಹದಿನೇಳನೆಯ ಹೆಸರು ಅಮೃತಪ್ಪನದು. ಮುಂದೆ 'ಮಾದಿಗ' ಎಂದಿತ್ತು.

ಕೆಳಗೆ ಸಂಸ್ಥೆಯ ಅಂದಿನ ಅಧ್ಯಕ್ಷರ ಸಹಿ. ನಾಗಪ್ಪಶೇಟರದು.

ಅಮೃತಪ್ಪ ಆ ಒಂದು ಸಾಲಿನ ಮೇಲೆ ಬೆರಳಿಟ್ಟ.

"ಎಷ್ಟ ಬರೋಬ್ಬರಿ ಬರದಾರ ನೋಡ್ರಿ," ಎಂದ. "ನಮ್ಮ ಮನೀ ಮುಂದಿನ ಬನ್ನಿಗಿಡಾ ಸುದ್ಧಾ ಬಿಟ್ಟಿಲ್ಲ."

"ಇದರ ಪ್ರಮಾಣಿತ ನಕಲ ಸಿಕ್ರ ನಿಮ್ಮ ಕೆಲಸಾ ಆಗ್ತದ. ಸರ್ಕಾರಿ ಆವಕ ನಂಬರ ಅದ. ಆದ್ರ ಇದ ಶಾಲೇದಲ್ಲ, ಸಂಸ್ಥಾದ ಫೈಲ. ಅಧ್ಯಕ್ಷರ ಸಹಿ ಇಲ್ಲದ ನಾ ಶಿಕ್ಕಾ ಹೊಡೀಲಿಕ್ಕೆ ಬರಂಗಿಲ್ಲ."

ಈಗಿನ ಅಧ್ಯಕ್ಷರು ಧನರಾಜ. ನಾಗಪ್ಪಶೇಟರ ಮಗ.

*

ಧನರಾಜನ ವ್ಯಾಪಾರದ ಪೇಢಿ ಸೊಲ್ಲಾಪುರದ ಚಾಟಿ ಗಲ್ಲಿಯಲ್ಲಿ. ಸುತ್ತ ಟವೆಲ್ಲಿನ ಗಂಟುಗಳು, ನಡುವೆ ಬಿಳಿ ಗಾದಿ. ಐವತ್ತೆಂಟರ ಮನುಷ್ಯ, ದನಿ ಎತ್ತರಿಸಿದ್ದನ್ನು ಯಾರೂ ಕೇಳಿಲ್ಲ. ಮಂಜರಿ ಫೋನಿನಲ್ಲಿ ಮೊದಲೇ ಹೇಳಿದ್ದರಿಂದ ಫೈಲು ತರಿಸಿಕೊಂಡು ಓದಿಟ್ಟಿದ್ದ. ಅಮೃತಪ್ಪ ಬಂದು ನಿಂತಾಗ ಮೊದಲು ಚಹಾ ತರಿಸಿದ.

"ಕೂಡು. ನೀ ಯಾರ ಕಾರ್ಖಾನ್ಯಾಗ ಜಾಬರ್? ಹಾಂ, ಗೊತ್ತಾತು. ಅವನ ಮಾಲ ನಾನs ತಗೋತೀನಿ. ಕರೀ ಬಾರ್ಡರಿಂದು ನೀ ಹಾಕಿಸಿದ್ದೇನು?"

"ಹೌದ್ರಿ ಶೇಟ್ಜಿ."

"ಛಲೋ ಮಾಲ. ಮಗಳ ಡಾಕ್ಟರ ಆಗ್ತಾಳಂತ. ಭಾರಿ ಆತು. ನಮ್ಮ ಮನ್ಯಾಗ ಯಾರೂ ಗಣಿತ ಬಿಟ್ಟ ಮುಂದ ಹೋಗಲಿಲ್ಲ ನೋಡು." ನಕ್ಕ. ಆಮೇಲೆ ಫೈಲಿನ ಮೇಲೆ ಕೈ ಇಟ್ಟ. "ಇದನ್ನ ಓದೀದಿ?"

"ಓದೀನ್ರಿ."

"ನಮ್ಮಪ್ಪ ಕಾಲಾನುಸಾರ ಇದ್ದಾ. ಎಲ್ಲಾರೂ ಹಂಗ ಇದ್ರು. ಈಗ ನಾ ಆ ಸಭಾಗೃಹಾ ಕಟ್ಟಿಸೀನಿ, ಮಾಸ್ತರ ಹೆಸರ ಇಟ್ಟೀನಿ. ಆ ಪುಟಾ ದೊಡ್ಡದ ಮಾಡಿಸಿ ಹಚ್ಚಾಕತ್ತೀನಿ. ಯಾಕ ಹೇಳು? ನಾಳೆ ಯಾರರ ಈ ಕಾಗದಾ ಹಿಡಕೊಂಡ, 'ಇವರಪ್ಪನs ಮಾಸ್ತರಿಗೆ ಹಿಂಗ ಮಾಡಿದಾ' ಅಂತ ಪೇಪರಿಗೆ ಕೊಟ್ರ?"

"ನಾ ಸಮಿತಿಗಷ್ಟs ಕೊಡ್ತೀನ್ರಿ. ಕೊನೀ ಎರಡ ಪುಟಾ ಸಾಕ್ರಿ ನನಗ."

"ಸಾಕಾಗಂಗಿಲ್ಲ. ನಾ ವಕೀಲರನ್ನ ಕೇಳೀನಿ. ಅರ್ಧಾ ಕಾಗದಾ ಅವರು ತಗೊಳ್ಳಂಗಿಲ್ಲ. ಆರೂ ಪುಟಾ ಬೇಕು, ಅಪ್ಪನ ಸಹಿ ಸುದ್ಧಾ." ಧನರಾಜ ಚಹಾದ ಬಸಿಯನ್ನು ಪಕ್ಕಕ್ಕೆ ಸರಿಸಿದ. "ಕೊಡ್ತೀನಿ. ಇಲ್ಲಾ ಅನ್ನಾಂಗಿಲ್ಲ. ಎರಡ ಮಾತ ಅಷ್ಟ."

ಮೊದಲ ಮಾತು: ಇಪ್ಪತ್ತೊಂದರ ಸಮಾರಂಭದಲ್ಲಿ ಆ ಪುಟದ ಹಳೆಯ ವಿದ್ಯಾರ್ಥಿಯಾಗಿ ಅಮೃತಪ್ಪ ಭಾಷಣ ಮಾಡಬೇಕು, ಬರೆದುಕೊಟ್ಟಿದ್ದನ್ನು ಓದಬೇಕು. ಅವನೇ ನಾಲ್ಕು ಜನರೆದುರು ಹೇಳಿದ ಮೇಲೆ ಈ ಕಾಗದ ಹೊರಬಂದರೂ ಯಾರೂ ನಂಬುವುದಿಲ್ಲ. ಎರಡನೆಯದು: ನಕಲು ಒಂದೇ, ಒಂದೇ ಕೆಲಸಕ್ಕೆ.

"ಎರಡನೇದವರ ಕೈಯಾಗ ಇದ ಕಂಡ್ರ, ಸಂಸ್ಥಾದ ಪರವಾನಗಿ ಇಲ್ಲದ ಒಯ್ದಾರ ಅಂತ ಸಮಿತಿಗೆ ನಾನs ಬರೀತೀನಿ. ಆಮ್ಯಾಗ ನಿನ್ನ ಮಗಳದೂ ನಿಂದ್ರತದ. ತಿಳೀತಿಲ್ಲೋ?"

ಬರೆದಿಟ್ಟ ಭಾಷಣ ಗಾದಿಯ ಮೇಲೇ ಇತ್ತು. ಒಂದು ಪುಟ. ಅಮೃತಪ್ಪ ಓದಿದ. ಮಾಸ್ತರರು ಆರೋಗ್ಯ ಕೆಟ್ಟು ಏಳು ತಿಂಗಳು ರಜೆಯಲ್ಲಿದ್ದರು ಎಂದಿತ್ತು. ಆ ಕಷ್ಟಕಾಲದಲ್ಲಿ ನಾಗಪ್ಪಶೇಟರು ಅವರ ಬೆನ್ನಿಗೆ ನಿಂತರು, ಮನೆಗೆ ಜೋಳ ಕಳಿಸಿದರು ಎಂದಿತ್ತು.

"ಶೇಟ್ಜಿ, ಆ ಜ್ವಾಳಾ..." ಎಂದ ಅಮೃತಪ್ಪ.

"ಏನು?"

"ಏನಿಲ್ರಿ."

*

ಗುರುಸಿದ್ಧ ಮಾಸ್ತರರ ಹೆಂಡತಿ ರತ್ನಾಬಾಯಿಗೆ ಎಪ್ಪತ್ತೆಂಟು. ಅಮೃತಪ್ಪ ಆ ಸಂಜೆ ಅವರ ಮನೆಗೆ ಹೋದಾಗ ಶೇಂಗಾ ಹಸನು ಮಾಡುತ್ತಿದ್ದರು. ಮೊರ ಬದಿಗಿಟ್ಟು ಅವನ ಕೈಯಲ್ಲಿದ್ದ ಭಾಷಣದ ಕಾಗದ ತೆಗೆದುಕೊಂಡು, ಕನ್ನಡಕ ಏರಿಸಿ ಪೂರ್ತಿ ಓದಿದರು.

"ಜ್ವಾಳಾ ನಾಗಪ್ಪ ಕಳಿಸಿದ್ನಂತ," ಎಂದರು.

ಅಮೃತಪ್ಪ ತಲೆ ಎತ್ತಲಿಲ್ಲ. ಅಮಾನತಿನ ಏಳು ತಿಂಗಳು ಮಾಸ್ತರರಿಗೆ ಪಗಾರ ಇರಲಿಲ್ಲ. ಅಣ್ಣತಮ್ಮಂದಿರು ಹಣಿಕಿ ಹಾಕಲಿಲ್ಲ. ಕೇರಿಯ ಹೆಂಗಸರು ಸರದಿ ಪ್ರಕಾರ ಬೋರಿಹಾಳದ ಆಗಿನ ಮನೆಯ ಹಿತ್ತಲ ಬಾಗಿಲ ಹೊರಗೆ ಜೋಳ ಇಟ್ಟು ಹೋಗುತ್ತಿದ್ದರು. ಅವನ ಅವ್ವನ ಸರದಿ ಬುಧವಾರ. ಒಂದು ಸಲ ಬುಟ್ಟಿ ಹಿಡಿದುಕೊಂಡು ಅವನೂ ಹೋಗಿದ್ದ. ರತ್ನಾಬಾಯಿ ಬಾಗಿಲು ತೆರೆದು, ಅವ್ವನನ್ನು ಒಳಗೆ ಕರೆದು ಒಲೆಯ ಪಕ್ಕ ಕೂರಿಸಿದ್ದರು. ಅವ್ವ ಸಾಯುವತನಕ ಆ ಒಲೆಯ ವಿಷಯ ಹೇಳುತ್ತಿದ್ದಳು.

"ಅವ್ವಾರ, ನಿಮ್ಮ ಕಡೆ ಆ ಚೌಕಶಿದು ನಕಲ ಐತೇನ್ರಿ? ಮಾಸ್ತರಿಗೆ ಕೊಟ್ಟಿರಬೇಕಲ್ರಿ."

"ಇತ್ತು. ಕೆಲಸಕ್ಕ ತಿರುಗಿ ತಗೊಂಡ ದಿನಾ ಅವರs ಒಲಿಗೆ ಹಾಕಿದ್ರು. 'ಇಂಥಾ ಹೊಲಸ ಮನ್ಯಾಗ ಇಟಗೋಬಾರದು' ಅಂದ್ರು." ರತ್ನಾಬಾಯಿ ಕನ್ನಡಕ ತೆಗೆದರು. "ಕಡೀಕಡೀಕ ಅದನ್ನs ನೆನಸ್ತಿದ್ರು. 'ನಾ ಬರದದ್ದ ಉಳೀತು, ಬ್ಯಾಡಾದದ್ದು. ಅವ ಬರದದ್ದ ಸುಟ್ಟೆ, ಬೇಕಾದದ್ದು' ಅಂತ. ಆ ಪುಟಾ ಎಲ್ಲೂ ಹಚ್ಚಬ್ಯಾಡ್ರಿ ಅಂತ ಧನರಾಜಗ ಹೇಳಿದ್ರು. ನನ್ನ ಮುಂದs ಹೇಳಿದ್ರು."

"ಈಗ ನಾ ಏನ ಮಾಡ್ಲಿ, ಅವ್ವಾರ?"

"ನನ್ನನ್ನ ಕೇಳಬ್ಯಾಡ, ಅಮೃತಾ."

"ನಿಮ್ಮನ್ನ ಬಿಟ್ಟ ಯಾರನ್ನ ಕೇಳ್ಲಿ?"

"ನೀ ಕೇಳಿದ್ರ ನಾ ಹೂಂ ಅನ್ನಬೇಕಾಗ್ತದ. ಹುಡಿಗಿ ಸೀಟಿನ ಮಾತದ. ನಾ ಹೂಂ ಅಂದ್ರ ಅವರು ಅಂದಂಗ ಆಗ್ತದ. ಅವರ ಹೆಸರಲೆ ನನ್ನ ಕಡಿಂದ ಅದನ್ನ ಅನಸಬ್ಯಾಡ." ಮತ್ತೆ ಮೊರ ಎಳೆದುಕೊಂಡರು. "ಚಹಾ ಕುಡದ ಹೋಗು."

*

ಸೆಪ್ಟೆಂಬರ್ ಇಪ್ಪತ್ತೊಂದು ಭಾನುವಾರ. ಬಸ್ಸಿನಲ್ಲಿ ರೂಪಾಲಿ ಕಿಟಕಿಯ ಪಕ್ಕ ಕೂತಿದ್ದಳು. ಅವಳು ಕಲಿತದ್ದೆಲ್ಲ ಮರಾಠಿಯಲ್ಲಿ; ಕನ್ನಡ ಮಾತಾಡುತ್ತಾಳೆ, ಓದಲು ಬರುವುದಿಲ್ಲ. ಅಪ್ಪ ಮಡಚಿ ಹಿಡಿದ ಭಾಷಣವನ್ನು ಬಾಯಲ್ಲಿ ಹೇಳಿಸಿ ಕೇಳಿದ್ದಳು. ಮಂಜರಿ ಮೊಬೈಲಿಗೆ ಕಳಿಸಿದ್ದ ಮರಾಠಿ ದೂರನ್ನು ತಾನೇ ಓದಿದ್ದಳು, ಆರೂ ಪುಟ.

"ಪಪ್ಪಾ, ನೀ ಇದನ್ನ ಓದಬ್ಯಾಡ."

"ಓದಬೇಕವಾ."

"ಮುಂದಿನ ವರ್ಷ ಮತ್ತ ಪರೀಕ್ಷಾ ಕೊಡ್ತೀನಿ. ಓಪನ್‌ದಾಗ ತಗೋತೀನಿ."

"ಎಷ್ಟ ಮಾರ್ಕ್ಸ್ ಕಮ್ಮಿ ಬಿದ್ದಾವು ಓಪನ್‌ಗೆ?"

ರೂಪಾಲಿ ಕಿಟಕಿಯ ಗಾಜು ಸರಿಸಿದಳು. ತೊಂಬತ್ತಾರು. ಇಬ್ಬರಿಗೂ ಗೊತ್ತಿತ್ತು.

"ಅಜ್ಜಿ ಜ್ವಾಳದ ಬುಟ್ಟಿ ಹೊತ್ತಕೊಂಡ ಹೋಗ್ತಿದ್ಲಂತ ನೀನs ಹೇಳೀದಿ," ಎಂದಳು.

"ಹೇಳೀನಿ."

ಮುಂದಿನ ಸೀಟಿನವನು ಹಿಂದೆ ತಿರುಗಿ, ಹನ್ನೂರಿಗೆ ಹೋಗಲು ಎಲ್ಲಿ ಇಳಿಯಬೇಕು ಎಂದು ಕೇಳಿದ. ಅಮೃತಪ್ಪ ಅವನಿಗೆ ಬೇಕಾದ್ದಕ್ಕಿಂತ ಹೆಚ್ಚು ವಿವರವಾಗಿ ಹೇಳಿದ.

ಸಭಾಗೃಹದಲ್ಲಿ ನಾನೂರು ಕುರ್ಚಿ ಹಾಕಿದ್ದರು, ತುಂಬಿದ್ದವು. ಬಾಗಿಲ ಎದುರಿನ ಗೋಡೆಯ ಮೇಲೆ ನಲವತ್ತೊಂದನೆಯ ಪುಟ ಗಾಜಿನ ಹಿಂದೆ ಇತ್ತು. ಅದರ ಎಡಕ್ಕೆ ಗುರುಸಿದ್ಧ ಮಾಸ್ತರರ ಫೋಟೊ, ಬಲಕ್ಕೆ ಅಷ್ಟೇ ಅಳತೆಯ ನಾಗಪ್ಪಶೇಟರ ಫೋಟೊ. ಎರಡಕ್ಕೂ ಒಂದೇ ಥರದ ಹಾರ.

"ನಿನ್ನ ಹೆಸರ ಯಾವದು?" ರೂಪಾಲಿ ಕೇಳಿದಳು. ಅಮೃತಪ್ಪ ತೋರಿಸಿದ. ಅವಳು ಆ ಅಕ್ಷರಗಳನ್ನು ನೋಡಿದಳು. ಬಳಿಕ ಪಕ್ಕದ ಕಾಲಮನ್ನು ಮೇಲಿಂದ ಕೆಳಗೆ ನೋಡಿ, "ಎಲ್ಲಾರದೂ ಒಂದs ಅಕ್ಷರ," ಎಂದಳು.

ವೇದಿಕೆಯ ಮೇಲೆ ನಿರೂಪಕ "ಶ್ರೀ ಅಮೃತಪ್ಪನವರು" ಎಂದು ಕರೆದ. ಧನರಾಜ ಎದ್ದು ಶಾಲು ಹೊದಿಸಿ ಕೈ ಮುಗಿದ. ಮೈಕಿಗೆ ಕೇಳುವಂತೆ, "ಬರ್ರಿ, ಬರ್ರಿ," ಎಂದ. ರತ್ನಾಬಾಯಿ ಮಧ್ಯದ ಕುರ್ಚಿಯಲ್ಲಿದ್ದರು, ಮಡಿಲಲ್ಲಿ ತೆಂಗಿನಕಾಯಿ.

ಅಮೃತಪ್ಪ ಓದಿದ. ಮೊದಲ ಅರ್ಧ ನಿಜವೇ ಇತ್ತು, ದನಿ ಸರಾಗ ಹರಿಯಿತು. ಪಟ್ಟಿಯ ಮೇಲೆ ಒಟ್ಟಿಗೆ ಕೂತದ್ದು, ಮಾಸ್ತರರು ಮಕ್ಕಳ ಮೂಗು ಒರೆಸಿದ್ದು. ಅವನು ಬರೆದುಕೊಟ್ಟಿದ್ದರಲ್ಲಿ ಇಲ್ಲದ ಒಂದು ಮಾತನ್ನೂ ಸೇರಿಸಿದ: "ಗಣಿತದಾಗ ತಪ್ಪಿದ್ರ ಕುಲಾ ನೋಡದs ಬಡೀತಿದ್ರು." ಜನ ನಕ್ಕರು. ಆಮೇಲೆ ಏಳು ತಿಂಗಳ ಸಾಲು ಬಂತು. ಆ ಏಳು ತಿಂಗಳು ಬದಲಿ ಮಾಸ್ತರ ಕೇರಿಯ ಮಕ್ಕಳನ್ನು ಹೊರಗಿನ ಕಟ್ಟೆಗೆ ಕಳಿಸಿದ್ದ. ಮಳೆ ಬಂದಾಗ ಪಾಟಿಯನ್ನು ತಲೆಯ ಮೇಲೆ ಹಿಡಿದುಕೊಂಡು ಕೂರುತ್ತಿದ್ದರು.

"ಮಾಸ್ತರರು ಆರೋಗ್ಯ ಕೆಟ್ಟ ರಜಾದ ಮ್ಯಾಲೆ ಇದ್ರು," ಎಂದು ಅಮೃತಪ್ಪ ಓದಿದ. "ಆವಾಗ ನಾಗಪ್ಪಶೇಟರು ಅವರ ಬೆನ್ನ ಹಿಂದ ನಿಂತ್ರು. ಮನೀಗೆ ಜ್ವಾಳಾ ಕಳಸಿ ಕೊಟ್ರು."

ಚಪ್ಪಾಳೆ ಬಿತ್ತು. ಮುಂದಿನ ಸಾಲಿನಲ್ಲಿ ಕೇರಿಯ ಮೂವರು ಮುದುಕಿಯರು ಕೂತಿದ್ದರು. ಅವರಲ್ಲಿ ಇಬ್ಬರು ಪಕ್ಕದವರನ್ನು ನೋಡಿ ತಾವೂ ಚಪ್ಪಾಳೆ ತಟ್ಟಿದರು. ಮೂರನೆಯವಳು ಅಮೃತಪ್ಪನನ್ನೇ ನೋಡುತ್ತಿದ್ದಳು. ಅವಳ ಸರದಿ ಗುರುವಾರದ್ದು. ರತ್ನಾಬಾಯಿ ತೆಂಗಿನಕಾಯಿಯನ್ನು ಮಡಿಲಿಂದ ತೆಗೆದು ನೆಲದ ಮೇಲಿಟ್ಟರು.

ಊಟದ ಹೊತ್ತಿಗೆ ಕಚೇರಿಯಲ್ಲಿ, ಉಳಿದ ಹಾರಗಳನ್ನು ಒತ್ತಟ್ಟಿಗೆ ಸರಿಸಿ, ಧನರಾಜ ಆರೂ ಪುಟಗಳ ಮೇಲೆ ಸಹಿ ಮಾಡಿದ. ಮಾತು ಉಳಿಸಿಕೊಂಡ. ಮಂಜರಿ ಆರು ಸಲ ಶಿಕ್ಕಾ ಹೊಡೆದರು, ಪ್ರತಿ ಸಲ ಹೊಡೆದಾದ ಮೇಲೆ ಊದಿ ಒಣಗಿಸಿದರು. ಮೂಲ ಫೈಲನ್ನು ಧನರಾಜ ಕಂಕುಳಲ್ಲಿ ಇಟ್ಟುಕೊಂಡು ಕಾರಿನ ಕಡೆ ನಡೆದ.

ಮರುದಿನ ಪತ್ರಿಕೆಯಲ್ಲಿ ಸುದ್ದಿ ಬಂತು, ಮೂರು ಕಾಲಮ್, ಫೋಟೊ ಸಮೇತ. ಏಳು ತಿಂಗಳ ಅನಾರೋಗ್ಯ ಇತ್ತು, ಜೋಳ ಇತ್ತು. ಹೇಳಿದವನ ಹೆಸರು, ವಯಸ್ಸು ಸರಿಯಾಗಿದ್ದವು.

*

ಇಪ್ಪತ್ತಮೂರರಂದು ಸಮಿತಿಯ ಎದುರು ನಡೆದ ವಿಚಾರಣೆ ಒಂಬತ್ತು ನಿಮಿಷದಲ್ಲಿ ಮುಗಿಯಿತು. ಅಧಿಕಾರಿ ಮೊದಲ ನಾಲ್ಕು ಪುಟಗಳನ್ನು ಓದದೆ ಮಗುಚಿದರು. ಆವಕ ನಂಬರು ನೋಡಿದರು, ಶಿಕ್ಕಾ ನೋಡಿದರು, ಹದಿನೇಳನೆಯ ಸಾಲಿನ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆದರು. "ಪುರಾವೆ ಚಲೋ ಅದ. ಆದೇಶ ಇಪ್ಪತ್ತೊಂಬತ್ತಕ್ಕ ತಗೊಂಡ ಹೋಗ್ರಿ," ಎಂದರು.

ಹೊರಗಿನ ಬೆಂಚಿನ ಮೇಲೆ ರೇವಣ್ಣ ಕೂತಿದ್ದ. ಅಮೃತಪ್ಪನ ಜೊತೆ ಒಂದೇ ದಿನ ಶಾಲೆ ಸೇರಿದವನು. ಈಗ ಕುರನೂರ ಕಡೆ ಟ್ರ್ಯಾಕ್ಟರ್ ಹೊಡೆಯುತ್ತಾನೆ. ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಅದರೊಳಗೆ ನಲವತ್ತೊಂದನೆಯ ಪುಟದಿಂದ ನಕಲು ಮಾಡಿಸಿದ ಉತಾರ.

"ಏನಲೇ ಅಮ್ರ್ಯಾ! ಭಾಷಣಾ ಭಾರಿ ಮಾಡೀದಂತ. ಶಾಲ ಹೊಚ್ಚಿದ್ರಂತ." ನಗುತ್ತಲೇ ಎದ್ದ ರೇವಣ್ಣ ಬಳಿಕ ದನಿ ಇಳಿಸಿದ. "ನಿಂದ ಆತೇನು?"

"ಆಗೂ ಹಂಗ ಐತಿ."

"ಮಗಳದ ನರ್ಸಿಂಗ್ ಐತಿ ನಂದು. ಮಾಸ್ತರು ಇದ್ದಿದ್ರ ಇಲ್ಲೇ ಭಕ್ರಿ ಬಿಚ್ಚಕೊಂಡ ಕುಂತಿರ್ತಿದ್ರು. ನೀ ಏನ ಕಾಗದಾ ತೋರಿಸಿದಿ? ನನಗೂ ಒಂದೀಟ ಹೇಳೋ."

ಅಮೃತಪ್ಪನ ಚೀಲದಲ್ಲಿ ಆರು ಪುಟಗಳ ಜೆರಾಕ್ಸ್ ಇತ್ತು. ಹದಿನೇಳರ ಕೆಳಗಿನ ಸಾಲು, ಹದಿನೆಂಟನೆಯದು, ರೇವಣ್ಣನದು. ಅದನ್ನು ತೋರಿಸಿದರೆ ಸಾಕಿತ್ತು: ಶಿಕ್ಕಾ ಬಿದ್ದ ನಕಲು ಈಗ ಇದೇ ಕಚೇರಿಯ ಫೈಲಿನಲ್ಲಿದೆ, ನಂಬರು ಹೇಳಿ ತೆಗೆಸಬಹುದು. ತೋರಿಸಿದರೆ ಧನರಾಜನ ಪತ್ರ ಬರುತ್ತದೆ. ರೂಪಾಲಿಯ ಆದೇಶ ಇನ್ನೂ ಕೈಗೆ ಸಿಕ್ಕಿಲ್ಲ.

"ಇಪ್ಪತ್ತೊಂಬತ್ತಾದ ಮ್ಯಾಲೆ ಮನೀಗೆ ಬಾ," ಎಂದ ಅಮೃತಪ್ಪ. "ಎಲ್ಲಾ ಹೇಳ್ತೀನಿ."

"ಇಪ್ಪತ್ತೊಂಬತ್ತು?" ರೇವಣ್ಣ ಪ್ಲಾಸ್ಟಿಕ್ ಚೀಲವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದ. "ನಂದ ಮುದ್ದತ ಇಪ್ಪತ್ತಾರಕ್ಕs ಮುಗೀತದಲ್ಲೋ. ಶುಕ್ಕರವಾರ."

ಅಮೃತಪ್ಪ ಚೀಲವನ್ನು ಕಂಕುಳಿಗೆ ಒತ್ತಿಕೊಂಡ. ಬೆಂಚಿನ ಖಾಲಿ ಭಾಗದತ್ತ ನೋಡಿದ. ಮಾಸ್ತರರು ಹೇಳಿದ್ದೂ ಇಂಥದೇ ಮಾತು: ಬಾರಾವಿ ಆಗ್ಲಿ. ರೇವಣ್ಣ ಉತ್ತರಕ್ಕೆ ಕಾಯುತ್ತ ಅವನ ಮುಖವನ್ನೇ ನೋಡುತ್ತಿದ್ದ. ಕಾಯುವುದು ಅವನಿಗೂ ರೂಢಿಯಿತ್ತು.

ರೂಪಾಲಿ ಇಬ್ಬರ ನಡುವೆ ಬಂದು ನಿಂತಳು.

"ಪಪ್ಪಾ, ಚೀಲಾ ಕೊಡು."

"ಸುಮ್ಮನಿರವಾ."

"ಸೀಟ ನಂದಲ್ಲಾ? ಕೊಡು."

ಅವನು ಚೀಲದ ಬಾಯಿಯನ್ನು ಬಿಗಿಯಾಗಿ ಹಿಡಿದಿದ್ದ. ಅವಳು ಎಳೆಯಲಿಲ್ಲ, ಕೈಚಾಚಿ ನಿಂತೇ ಇದ್ದಳು. ಒಳಗಿನಿಂದ ಸಿಪಾಯಿ ಮತ್ತಾರದೋ ಹೆಸರು ಕೂಗಿದ. ಅಮೃತಪ್ಪನ ಕೈ ಸಡಿಲಾಯಿತು.

ರೂಪಾಲಿ ಬೆಂಚಿನ ಮೇಲೆ ಕೂತು ಜೆರಾಕ್ಸ್ ತೆಗೆದಳು. ಮೊದಲ ನಾಲ್ಕು ಪುಟಗಳನ್ನು ಮಗುಚಿ ಐದನೆಯದನ್ನು ರೇವಣ್ಣನ ಮುಂದೆ ಹಿಡಿದಳು. ಅವನಿಗೆ ಮರಾಠಿ ಓದಲು ಬಾರದೆಂದು ತಾನೇ ಓದಿದಳು. ಹೆಸರು. ತಂದೆಯ ಹೆಸರು. ಬಾವಿಯ ಪಕ್ಕದ ಮನೆ. ಜಾತಿ. ನಾಲ್ಕನ್ನೂ ಜೋರಾಗಿ, ಬೆಂಚಿನ ಮೇಲಿದ್ದವರಿಗೆಲ್ಲ ಕೇಳುವಂತೆ ಓದಿದಳು.

"ಇದ ನಂದs," ಎಂದ ರೇವಣ್ಣ. "ಯಾರ ಬರದಾರ ಇದನ್ನ?"

ಅಮೃತಪ್ಪ ಪಕ್ಕದಲ್ಲಿ ಕೂತ. "ಒಳಗ ನಡಿ, ಹೇಳ್ತೀನಿ. ಬರದೂ ಕೊಡ್ತೀನಿ. ಪೇಪರಿನ್ಯಾಗ ಬಂದದ್ದು ಸುಳ್ಳಂತ."

ಅವರ ಸರದಿ ಬರಲು ಒಂದೂಕಾಲು ತಾಸು ಹಿಡಿಯಿತು. ಒಳಗೆ ಅಮೃತಪ್ಪ ಹೇಳಿದಂತೆಯೇ ಬರೆದುಕೊಟ್ಟ. ಆ ಸಂಜೆ ನಾಲ್ಕೂವರೆಗೆ ಅಮೃತಪ್ಪನ ಮೊಬೈಲು ರಿಂಗಾಯಿತು. ಧನರಾಜನ ನಂಬರು. ಇಪ್ಪತ್ತೊಂಬತ್ತಕ್ಕೆ ಇನ್ನೂ ಆರು ದಿನ ಇತ್ತು.